ಶೇರವಾನಿಯೊಳಗಿನ ಬಾಣಂತಿ

ಹಿತ್ತಲಲ್ಲಿ ನಾಲ್ಕು ಬಳ್ಳಿ ಬೆಳೆಸಬೇಕೆನ್ನುವವರಿಗೆ ಮಣ್ಣು, ನೀರು, ಗೊಬ್ಬರಕ್ಕಿಂತ ಮೊದಲು ಒಂದು ದೊಡ್ಡ ಗಂಟಲು ಬೇಕು. ನನಗೆ ಅದೊಂದು ಇಲ್ಲ. ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನ ದನಿಯನ್ನು ಎಷ್ಟು ಚೆನ್ನಾಗಿ ತಗ್ಗಿಸಿ ಕಳಿಸಿದ್ದರೆಂದರೆ, ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ನಾನು ‘ಹುಶ್’ ಎಂದರೆ ಕಾಗೆ ಹಾರುತ್ತಿರಲಿಲ್ಲ, ‘ಏನಂದ್ರಿ?’ ಎನ್ನುವಂತೆ ಕತ್ತು ಹೊರಳಿಸಿ ನೋಡುತ್ತಿತ್ತು. ನಮ್ಮ ಅತ್ತೆ ಹಾಗಲ್ಲ. ಅವರು ಅಡುಗೆಮನೆಯಲ್ಲಿ ಒಮ್ಮೆ ಕೆಮ್ಮಿದರೆ ಪಕ್ಕದ ಮನೆಯ ಎಮ್ಮೆ ಮೆಲುಕು ನಿಲ್ಲಿಸುತ್ತಿತ್ತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಮಾತು. ಆ ಸಲ ಹಿತ್ತಲಿನ ಅವರೆ ಬಳ್ಳಿ ಗೋಡೆಯೇರಿ ನಿಂತಿತ್ತು. ದೀಪಾವಳಿ ಕಳೆದು ಚಳಿ ಬೀಳುತ್ತಲೇ ತಿಳಿನೇರಳೆ ಹೂ, ಅದರ ಹಿಂದೆಯೇ ಉಗುರಿನಷ್ಟು ಕಾಯಿ. ಎಳ್ಳ ಅಮಾವಾಸ್ಯೆಗೆ ಸೊಪ್ಪು, ಹಸಿಕಾಳು ಎಲ್ಲ ಕೂಡಿಸಿ ಮಾಡುವ ಭಜ್ಜಿಗೆ ಈ ಸಲ ನಮ್ಮ ಮನೆಯದೇ ಅವರೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅದು ಗಿಳಿಗಳ ಕಿವಿಗೂ ಅಳಿಲುಗಳ ಕಿವಿಗೂ ಬಿದ್ದಿರಬೇಕು. ಅಳಿಲು, ನಮ್ಮ ಕಡೆ ಇಣಚಿ ಎನ್ನುವ ಪ್ರಾಣಿ, ಕಾಯನ್ನು ಪೂರ್ತಿ ತಿನ್ನುವುದಿಲ್ಲ. ತುದಿ ಕಚ್ಚಿ, ರುಚಿ ನೋಡಿ, ಮೆಚ್ಚದೆ ಮುಂದಿನದಕ್ಕೆ ಹೋಗುತ್ತದೆ. ಬೀಗರ ಊಟದಲ್ಲಿ ಕುಳಿತ ವರನ ಸೋದರಮಾವನ ಹಾಗೆ.

“ಗೊಂಬಿ ನಿಲ್ಲಸವಾ ಸುಶೀಲಾ, ನಿನ್ನ ಹುಶ್‌ಗೆ ಯಾರ ಅಂಜತಾರ?” ಎಂದರು ಅತ್ತೆ.

ಬೆದರುಗೊಂಬೆಗೆ ಬಟ್ಟೆ ಬೇಕಲ್ಲ. ನಮ್ಮವರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ನಿಜಾಮರ ಕಾಲದಲ್ಲಿ ತೊಡುತ್ತಿದ್ದ ಕಪ್ಪು ಶೇರವಾನಿ ಗೂಟಕ್ಕೆ ನೇತಾಡುತ್ತಿತ್ತು. ಕೇಳಿದೆ. “ಸರಕಾರಾನ ಹೋತು, ಇನ್ನ ಶೇರವಾನಿ ಇಟಗೊಂಡು ಏನ್ ಮಾಡ್ಲಿ? ತೊಗೊ” ಎಂದರು. ಅವರ ದನಿಯಲ್ಲಿ ಬೇಸರಕ್ಕಿಂತ ಅಂಜಿಕೆ ಹೆಚ್ಚಿತ್ತು. ಓದಿದ್ದು, ಬರೆದದ್ದು ಎಲ್ಲ ಉರ್ದು. ಇನ್ನು ಕನ್ನಡದಲ್ಲಿ ಬರೆಯಲು ಬಾರದ ಗುಮಾಸ್ತರನ್ನು ಕಂಡರಿಯದ ಊರಿಗೆ ಎತ್ತಿ ಹಾಕುತ್ತಾರೆಂದು ಕಚೇರಿಯಲ್ಲಿ ಗುಸುಗುಸು ನಡೆದಿತ್ತು. ಮುದಿ ತಾಯಿಯನ್ನು, ಮನೆಯನ್ನು ಬಿಟ್ಟು ಎಲ್ಲಿಗೆ ಹೋಗುವುದು ಎಂಬ ಚಿಂತೆಗೆ ಅವರಿಗೆ ಊಟವೂ ಸೇರುತ್ತಿರಲಿಲ್ಲ.

ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬೇಕೆಂಬುದು ಕಾನ್ವೆಂಟಿನ ಇನ್ನೊಂದು ಪಾಠ. ಬೇರೆಯವರಾದರೆ ಎರಡು ಕೋಲು ಕಟ್ಟಿ ಅಂಗಿ ತೊಡಿಸಿ ಬಿಡುತ್ತಿದ್ದರು. ನಾನು ಹರಿದ ಗಾದಿಯ ಹತ್ತಿಯನ್ನೆಲ್ಲ ಹಿಂಜಿ ಎದೆಗೆ ತುಂಬಿದೆ, ಗುಂಡಿ ಬಿಗಿಮಾಡಿದೆ, ಕೊರಳಪಟ್ಟಿ ನೆಟ್ಟಗೆ ನಿಲ್ಲಲೆಂದು ಒಳಗೆ ರಟ್ಟು ಹೊಲಿದೆ. ಸಂಜೆ ಮೊಸರು ಕೊಡಲು ಬಂದ ಪಕ್ಕದ ಮನೆಯ ಗುರುಬಸವ್ವ ಹಿತ್ತಲ ಬಾಗಿಲಲ್ಲೇ ಗಕ್ಕನೆ ನಿಂತು ಸೆರಗು ಹೊದ್ದುಕೊಂಡಳು.

“ಯಾರೋ ಸಾಹೇಬ್ರು ಬಂದು ನಿಂತಾರಲ್ರಿ ಬಾಯಾರ! ಕುಂಡ್ರಾಕ ಒಂದು ಕುರ್ಚಿ ಹಾಕಬಾರದೇನ್ರಿ?”

ಆ ಮೇಲೆ ನಿಜವಾಗಿಯೂ ಗಿಳಿಗಳು ಬರಲಿಲ್ಲ. ಅಳಿಲು ಮಾತ್ರ ಓಡಾಡುತ್ತಿತ್ತು, ಆದರೆ ಕಾಯಿಯ ತಂಟೆಗೆ ಹೋಗುತ್ತಿರಲಿಲ್ಲ. ನಾನು ನನ್ನ ಹೊಲಿಗೆಯ ಬಗ್ಗೆ ಹೆಮ್ಮೆಪಡುತ್ತ ಇದ್ದುಬಿಟ್ಟೆ.

ಅಷ್ಟರಲ್ಲಿ ಮೈಸೂರು ಕಡೆಯ ದೊಡ್ಡ ಅಧಿಕಾರಿಗಳು ಕಚೇರಿ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಹಿಂದಿನ ದಿನ ಸಂಜೆ ನಮ್ಮವರು ಬೆವರುತ್ತ ಮನೆಗೆ ಬಂದರು. “ಎಲ್ಲಾರೂ ಕೊಳ್ಳತನಕ ಗುಂಡಿ ಹಾಕಿದ ಕೋಟಿನ್ಯಾಗ ಬರಬೇಕಂತ. ನನ್ನ ಶೇರವಾನಿ ಎಲ್ಲದ?”

ನಾನು ಹಿತ್ತಲ ಕಡೆ ನೋಡಿದೆ.

ಅವರು ದಡದಡ ಹೋಗಿ ಮೇಲಿನ ಗುಂಡಿ ಬಿಚ್ಚಿ ಒಳಗೆ ಕೈ ಹಾಕಿದರು. ಒಳಗಿನಿಂದ ಚಿಕ್‌ಚಿಕ್ ಎಂದು ಇಡೀ ಓಣಿಗೆ ಕೇಳುವಂಥ ಕೂಗೆದ್ದಿತು. ನಾಲ್ಕಂಗುಲದ ಆ ತಾಯಿ ಇಣಚಿಗೆ ನನಗಿಂತ ದೊಡ್ಡ ಗಂಟಲು! ಇಣುಕಿದರೆ, ನಾನು ಹಿಂಜಿದ ಹತ್ತಿಯ ಮೇಲೆ ಕಣ್ಣು ಬಿಡದ ಕೆಂಪು ಮರಿಗಳು ಒಂದರ ಮೇಲೊಂದು ಮಲಗಿದ್ದವು. ಅಷ್ಟು ಮೆತ್ತನೆಯ ಹಾಸಿಗೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಮ್ಮವರು ಗೂಡು ತೆಗೆದು ಗೋಡೆಯ ಮೇಲಿಡಲು ಹೊರಟರು. ಆಗ ಅತ್ತೆ ಬಂದರು. ಇದೇ ಇಣಚಿಗೆ ಮೊನ್ನೆಮೊನ್ನೆಯವರೆಗೆ ಕಲ್ಲು ಬೀಸಿದವರು.

“ಏ ತಮ್ಮಾ, ಕೈ ತಗಿ! ಒಳಗ ಬಾಣಂತಿ ಅದಾಳ, ಕಣ್ಣಿಗಿ ಕಾಣಂಗಿಲ್ಲೇನು?”

“ಅವ್ವಾ, ನಾಳಿ ನನ್ನ ನೌಕರಿ ಪ್ರಶ್ನಿ ಅದ!”

“ಬಾಣಂತಿ ಕ್ವಾಣಿ ಖಾಲಿ ಮಾಡಿಸಿ ಯಾರ ಉದ್ಧಾರ ಆಗ್ಯಾರ? ಗಾಳಿ ಬಡೀತದ, ಗುಂಡಿ ಹಾಕು ಮೊದಲ.”

ನಮ್ಮವರು ಗುಂಡಿ ಹಾಕಿದರು. ಅತ್ತೆ ಗೊಂಬೆಯ ಜೇಬಿಗೆ ಒಂದು ಚೂರು ಕೊಬ್ಬರಿ ಇಟ್ಟು ಒಳಗೆ ಹೋದರು.

ಬೆಳಿಗ್ಗೆ ನಮ್ಮವರು ಮದುವೆಯ ಧೋತರ ಉಟ್ಟು, ಹೆಗಲಿಗೆ ಶಲ್ಯ ಹಾಕಿ, ಮಾವನವರ ಜರಿ ರುಮಾಲು ಸುತ್ತಿ, “ಕಚೇರಿಗಿ ಹೊಂಟೀನೋ, ಬೀಗರ ಮನಿಗೋ” ಎಂದು ಗೊಣಗುತ್ತ ಹೋದರು. ನಾನು ದಿನವಿಡೀ ಒಲೆಯ ಮುಂದೆ ಕುಳಿತು, ಗೊತ್ತಿಲ್ಲದ ಊರಿಗೆ ಒಯ್ಯಬೇಕಾದ ಪಾತ್ರೆಗಳನ್ನು ಮನಸ್ಸಿನಲ್ಲೇ ಗಂಟು ಕಟ್ಟಿದೆ. ರೊಟ್ಟಿ ಹೊತ್ತಿದರೂ ಅತ್ತೆ ಏನೂ ಅನ್ನಲಿಲ್ಲ. ಅವರೂ ಅಂಜಿದ್ದಾರೆಂದು ಆಗ ತಿಳಿಯಿತು.

ಸಂಜೆ ನಮ್ಮವರು ಬಂದಾಗ ರುಮಾಲು ಕಂಕುಳಲ್ಲಿತ್ತು, ಮುಖದ ತುಂಬ ನಗು. ಕರಿ ಕೋಟುಗಳ ನಡುವೆ ಇವರೊಬ್ಬರ ಬಿಳಿ ಉಡುಪು ಕಂಡು ಅಧಿಕಾರಿಗಳು ಊರ ಹಿರಿಯರೆಂದೇ ತಿಳಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರಂತೆ. “ಯಜಮಾನರೇ, ಈ ಸಲ ನಿಮ್ಮ ಬೆಳೆ ಹೇಗಿದೆ?” ಎಂದು ಕೇಳಿದರಂತೆ.

“ನನಗ ಹೊಲ ಎಲ್ಲದ? ಅಂಜಿ ಅವರಿಬಳ್ಳಿ ಕಥಿ ಹೇಳಿದೆ. ಇಣಚಿ, ಶೇರವಾನಿ, ಅವ್ವನ ಬಾಣಂತಿ, ಎಲ್ಲಾ ಹೇಳಿಬಿಟ್ಟೆ! ಸಾಹೇಬ್ರು ಕಣ್ಣಾಗ ನೀರು ಬರೂ ಹಂಗ ನಕ್ಕರು. ಆಮ್ಯಾಲ ಹೆಡ್ ಗುಮಾಸ್ತ್ರು, ಇವ್ರು ನಮ್ಮ ಕಚೇರಿಯವ್ರೇ ಅಂದ್ರು. ನಾ ಕುರ್ಚಿ ಬಿಟ್ಟು ಎದ್ದು ನಿಂತೆ.”

“ಆಮೇಲೆ?” ಎಂದೆ.

“‘ಇವರು ಇಲ್ಲೇ ಇರಲಿ. ಮಾತು ಇಷ್ಟು ಸೊಗಸಾಗಿರುವವರು ಬರೆಯುವುದನ್ನೂ ಕಲಿತಾರು’ ಅಂದ್ರು ಸಾಹೇಬ್ರು.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು. ಆ ದಿನ ಗೊಂಬೆಯ ಜೇಬಿಗೆ ಬಿದ್ದದ್ದು ಚೂರಲ್ಲ, ಅರ್ಧ ಬಟ್ಟಲು ಕೊಬ್ಬರಿ.

ಮರಿಗಳು ಕಣ್ಣು ಬಿಟ್ಟವು, ಹಲ್ಲೂ ಬಂದವು. ಎಳ್ಳ ಅಮಾವಾಸ್ಯೆ ಬರುವ ಹೊತ್ತಿಗೆ ಬಳ್ಳಿಯಲ್ಲಿ ಎಲೆ ಮಾತ್ರ ಉಳಿದಿತ್ತು; ಭಜ್ಜಿಗೆ ಗುರುಬಸವ್ವನ ಹೊಲದ ಅವರೆ ಬಂತು. ಗೂಡು ಖಾಲಿಯಾದದ್ದೇ ನಮ್ಮವರು ಶೇರವಾನಿ ಬಿಚ್ಚಿ ಒಗೆಸಿ ಪೆಟ್ಟಿಗೆಯಲ್ಲಿಟ್ಟರು. “ಸರಕಾರದ್ದು ಏನ್ ಭರೋಸಾ?” ಎಂದರು.

ಬೇಸಿಗೆಯ ಹೀರೆಬಳ್ಳಿಗೆ ನಾನು ಹೊಸ ಗೊಂಬೆ ಮಾಡಿದೆ. ಈ ಸಲ ಹತ್ತಿ ತುಂಬಲಿಲ್ಲ. ಬರೀ ಕೋಲಿಗೆ ನನ್ನದೇ ಹಳೆಯ ಸೀರೆ ಉಡಿಸಿ ನಿಲ್ಲಿಸಿದೆ. ಬೆನ್ನು ತಿರುಗಿಸುವುದರೊಳಗೆ ಒಂದು ಇಣಚಿ ಬಂದು ಅದರ ಹೆಗಲೇರಿ ಕುಳಿತು, ಎಳೆಯ ಹೀರೇಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಡಿಯತೊಡಗಿತು.

“ಅತ್ತಿ, ಇದಕ್ಕ ಯಾಕ ಅಂಜವಲ್ಲವು?” ಎಂದು ಕೇಳಿದೆ.

ಅತ್ತೆ ಜೋಳ ಹಸನು ಮಾಡುತ್ತ ತಲೆಯೆತ್ತಲೇ ಇಲ್ಲ. “ಸೀರಿ ಯಾರದಂತ ಅವಕ್ಕ ಗೊತ್ತಿಲ್ಲೇನವಾ?” ಎಂದರು.