ತಟ್ಟೆ ಬ್ಯಾಂಕಿನ ಫಜೀತಿಗಳು

ಶ್ರೀನಿವಾಸಪುರದಲ್ಲಿ ನಮ್ಮ ಮಹಿಳಾ ಸಂಘ ತಟ್ಟೆ ಬ್ಯಾಂಕ್ ತೆರೆದ ದಿನದಿಂದ ನಮ್ಮಲ್ಲಿ ನಗುವಿಗೆ ಬರವಿಲ್ಲ. ಸಮಾರಂಭ ಮುಗಿದ ಮೇಲೆ ಮಂಟಪದ ಹಿಂದೆ ಗುಡ್ಡೆ ಬೀಳುವ ಪ್ಲಾಸ್ಟಿಕ್ ತಟ್ಟೆಗಳನ್ನು ನೋಡಿ ನೋಡಿ ಸಾಕಾಗಿ, ಮನೆಮನೆಯ ಅಟ್ಟದಲ್ಲಿ ಸುಮ್ಮನೆ ಕೂತಿದ್ದ ಸ್ಟೀಲ್ ತಟ್ಟೆಗಳನ್ನು ಕೇಳಿ ತಂದೆವು. ಯಾರ ಮನೆಯ ಸಮಾರಂಭಕ್ಕಾದರೂ ಪುಕ್ಕಟೆ. ಉಂಡ ಮೇಲೆ ತೊಳೆದು ವಾಪಸ್ ಕೊಟ್ಟರಾಯಿತು. ಮೊದಲ ತಟ್ಟೆ ಕೈಗೆ ಬಂದಾಗ ನಾನು ಚಿಕ್ಕ ಹುಡುಗಿಯ ಹಾಗೆ ಕುಣಿದಿದ್ದೆ.

೧. ತಟ್ಟೆಯ ಹಿಂದೆ ಅಜ್ಜಿ

ಆ ಮೊದಲ ತಟ್ಟೆಗಳನ್ನು ಕೊಟ್ಟವರು ನಮ್ಮ ಬೀದಿಯ ಅಜ್ಜಿ. ಕೊಟ್ಟರೇನೋ ಸರಿ, ಮನಸ್ಸು ತಡೆಯಲಿಲ್ಲ. ತಟ್ಟೆ ಯಾರ ಮನೆಗೆ ಹೋದರೂ ಹಿಂದೆಯೇ ಹೋಗಿ, ಪಾತ್ರೆ ತೊಳೆಯುವವರ ಪಕ್ಕ ಕೂತು, ಹೇಗೆ ಉಜ್ಜಬೇಕೆಂದು ಹೇಳಿಕೊಡುತ್ತಿದ್ದರು. ಕರೆಯದ ಮನೆಗೆ ಹೀಗೆ ಹೋಗಬಹುದಾ ಅಂತ ಮೆಲ್ಲಗೆ ಕೇಳಿದೆ.

"ಏಮ್ಮಾ, ನನ್ನ ತಟ್ಟೆ ಕರೆದೋರು ನನ್ನ ಕರೆದಂಗೇ ಅಲ್ವಾ?" ಅಂದರು.

ಈಗ ಜನ ತಟ್ಟೆ ಕೇಳಲು ಬಂದಾಗ, ಅಜ್ಜಿಗೆ ಖಾರ ಆಗುತ್ತಾ ಅಂತಲೂ ವಿಚಾರಿಸುತ್ತಾರೆ.

೨. ಮುಚ್ಚಳದ ಸಾಲ

ಬೈರಕೂರಿನ ಗೃಹಪ್ರವೇಶಕ್ಕೆ ಹೋದ ತಟ್ಟೆಗಳು ಕೊಟ್ಟಿದ್ದಕ್ಕಿಂತ ಜಾಸ್ತಿಯಾಗಿ ವಾಪಸ್ ಬಂದವು. ತಮ್ಮದು ಯಾವುದು, ನಮ್ಮದು ಯಾವುದು ಗೊತ್ತಾಗದೆ, ಹೊಳೆಯುವುದನ್ನೆಲ್ಲ ಚೀಲಕ್ಕೆ ತುಂಬಿ ಕಳಿಸಿದ್ದರು. ಕುಕ್ಕರಿನ ಮುಚ್ಚಳವೂ ಬಂದಿತ್ತು. ಅದು ಯಾರದೆಂದು ನಾವು ಯೋಚಿಸುತ್ತಿರುವಾಗಲೇ ಆ ಮನೆಯೊಡತಿಯ ಫೋನು. ಮುಚ್ಚಳ ಎಲ್ಲೋ ಕಳೆದುಹೋಗಿದೆ, ಬೇಳೆ ಬೇಯುತ್ತಿಲ್ಲ, ನಿಮ್ಮ ಬ್ಯಾಂಕಿನಲ್ಲಿ ಇದ್ದರೆ ಒಂದು ಕೊಟ್ಟಿರಿ ಅಂದರು.

ಅವರ ಮುಚ್ಚಳವನ್ನೇ ಅವರಿಗೆ ಸಾಲ ಕೊಟ್ಟೆವು.

೩. ಸೋದರಮಾವನ ಹೆಸರು

ಮುಳಬಾಗಿಲಿನ ಒಂದು ನಿಶ್ಚಿತಾರ್ಥ ನಮಗೆ ಸಿಕ್ಕ ಮೊದಲ ದೊಡ್ಡ ಸಮಾರಂಭ. ಮಂಟಪದ ಮಾಲೀಕರು ಮೊದಲೇ ಹೇಳಿದ್ದರು: ಚೆನ್ನಾಗಿ ನಡೆದರೆ ಇನ್ನು ಮುಂದೆ ಅಲ್ಲಿ ನಮ್ಮ ತಟ್ಟೆಗಳೇ, ಏನಾದರೂ ಎಡವಟ್ಟಾದರೆ ಮತ್ತೆ ಪ್ಲಾಸ್ಟಿಕ್ಕೇ.

ಬಫೆ ಶುರುವಾಯಿತು. ವರನ ಸೋದರಮಾವ ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಅಂಚಿನಲ್ಲಿ ಅವರದೇ ಹೆಸರು ಕೆತ್ತಿತ್ತು. ತಂಗಿಯ ಮದುವೆಗೆ ಅವರೇ ಉಡುಗೊರೆ ಕೊಟ್ಟ ದೊಡ್ಡ ಕಟ್ಟಿನ ತಟ್ಟೆ ಅದು. ಆ ತಂಗಿ, ಅಂದರೆ ವರನ ತಾಯಿ, ಅಷ್ಟನ್ನೂ ನಮ್ಮ ಬ್ಯಾಂಕಿಗೆ ಕೊಟ್ಟುಬಿಟ್ಟಿದ್ದರು. ನಾನು ಕೊಟ್ಟಿದ್ದಕ್ಕೆ ಇಷ್ಟೇನಾ ಬೆಲೆ ಎಂದು ಸೋದರಮಾವ ಚಪ್ಪಲಿ ಹುಡುಕತೊಡಗಿದರು. ಮಾಲೀಕರು ನನ್ನತ್ತ ನೋಡಿದರು. ನಮ್ಮ ಬ್ಯಾಂಕಿನ ಕಥೆ ಮುಗಿಯಿತು ಅಂದುಕೊಂಡೆ.

ತಂಗಿ ಓಡಿಬಂದು ಅವರ ಕೈ ಹಿಡಿದರು. "ಅಣ್ಣ, ಅಟ್ಟದ ಮೇಲಿದ್ದಾಗ ನಿನ್ನ ಹೆಸರು ಇಲಿಗಳು ನೋಡ್ತಿದ್ವು. ಇವತ್ತು ಬೀಗರೆಲ್ಲ ನೋಡ್ತಾವ್ರೆ."

ಅಣ್ಣ ಚಪ್ಪಲಿ ಹುಡುಕುವುದು ಬಿಟ್ಟರು. ಆಮೇಲೆ ಬೀಗರ ನಡುವೆ ಹೋಗಿ, ಒಬ್ಬೊಬ್ಬರ ತಟ್ಟೆಯ ಅಂಚು ಇಣುಕಿ ನೋಡುತ್ತಾ, ತಮ್ಮ ಹೆಸರಿದ್ದವರಿಗೆಲ್ಲ ಎರಡೆರಡು ಒಬ್ಬಟ್ಟು ಹಾಕಿಸಿದರು. ಹೆಸರಿಲ್ಲದ ತಟ್ಟೆಯವರು ತಟ್ಟೆ ಬದಲಿಸಿಕೊಳ್ಳಲು ಓಡಿದರು. ಮಾಲೀಕರು ನಕ್ಕು, ಮುಂದಿನ ಮದುವೆಗೂ ನಮ್ಮ ತಟ್ಟೆಗಳೇ ಎಂದು ಅಲ್ಲೇ ಒಪ್ಪಿಕೊಂಡರು. ನನಗೆ ಕೂಗಿಬಿಡುವಷ್ಟು ಖುಷಿ.

ಕೆಲವು ದಿನ ಕಳೆದು ಸೋದರಮಾವ ಹೊಸ ತಟ್ಟೆಗಳ ಕಟ್ಟು ಹೊತ್ತು ನಮ್ಮಲ್ಲಿಗೇ ಬಂದರು. ಬಿಚ್ಚಿ ನೋಡಿದರೆ ಅಂಚು ಖಾಲಿ, ಹೆಸರು ತಟ್ಟೆಯ ನಟ್ಟನಡುವೆ. ಯಾಕೆ ಸಾರ್ ಹೀಗೆ ಅಂತ ಕೇಳಿದೆ.

"ಒಂದಗುಳೂ ಬಿಡದೆ ಉಂಡೋರಿಗೇ ನನ್ನ ದರ್ಶನ ಕಣಮ್ಮ."