ಕ್ಯಾಂಡಿಗೆ ಹೋಗದ ಬಸ್ಸುಗಳು

ಅಕ್ಕೂರಿನ ಚನ್ನಲಿಂಗಪ್ಪನನ್ನು ಶ್ರೀಲಂಕಾದಲ್ಲಿ ಕೆಡಿಸಿದ್ದು ಒಂದು ಕೇಸರಿ ಬಣ್ಣದ ಎಳನೀರು. ನುವರ ಎಲಿಯ ಎಂಬ ಊರಲ್ಲಿ ರಾತ್ರಿ ಕಳೆದು, ಪ್ರವಾಸಕ್ಕೆ ಬಂದ ಅಕ್ಕೂರಿನವರೆಲ್ಲ ವ್ಯಾನಿನಲ್ಲಿ ಕ್ಯಾಂಡಿಗೆ ಹೊರಟಿದ್ದರು. ದಾರಿಯಲ್ಲಿ ಎಳನೀರಿನ ಅಂಗಡಿಯೊಂದರ ಮುಂದೆ ವ್ಯಾನು ನಿಂತಾಗ ಚನ್ನಲಿಂಗಪ್ಪ ಇಳಿದ. ಮನೆಯಲ್ಲೇ ತೆಂಗಿನ ತೋಟವಿದ್ದವನು. ಇದ್ಯಾವ ತಳಿಯಪ್ಪ ಎಂದು ಅಂಗಡಿಯ ಹಿಂದೆ ಹೋಗಿ ಗೊನೆ ತಟ್ಟಿ ನೋಡುತ್ತ ನಿಂತ. ತಿರುಗಿ ಬಂದರೆ ವ್ಯಾನು ಮಾಯ. ಮೊಬೈಲು ಹೆಂಡತಿ ವಿಮಲಮ್ಮನ ಬ್ಯಾಗಿನಲ್ಲಿ.

ಪುಣ್ಯಕ್ಕೆ ಕ್ಯಾಂಡಿಯ ಹೋಟೆಲಿನ ಹೆಸರು ನೆನಪಿತ್ತು. "ಮಾಗಡಿ ಬಸ್ಸಲ್ಲಿ ಟಾಪ್ ಮೇಲೆ ಕೂತ್ಕಂಡ್ ಹೋದೋನು ನಾನು, ಇದ್ಯಾವ ಮಹಾ!" ಎಂದುಕೊಂಡು ರಸ್ತೆ ಬದಿ ನಿಂತ. ಬೆಟ್ಟದ ತಿರುವುಗಳಲ್ಲಿ ದಿಕ್ಕು ಮಾತ್ರ ತಪ್ಪಿಹೋಗಿತ್ತು.

ಕೆಂಪು ಬಸ್ಸೊಂದು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ನುವರ! ನುವರ!" ಎಂದು ಕೂಗಿದ.

"ಅಯ್ಯೋ, ಅಲ್ಲಿಂದ್ಲೇ ಬತ್ತಾ ಇವ್ನಿ ಕಣಯ್ಯ! ನೀನ್ ಹೋಗು."

ಹಿಂದೆ ಬಂದ ಬಸ್ಸೂ ನುವರ. ಅದರ ಹಿಂದೆ ಬಂದ ಬಸ್ಸಿನ ಕಂಡಕ್ಟರು ಇವನ ಕೈಹಿಡಿದೇ ಎಳೆದ. ಚನ್ನಲಿಂಗಪ್ಪ ಸಂತೆಗೆ ಹೊರಟ ಟಗರಿನಂತೆ ಕಾಲೂರಿ ಜಗ್ಗಿದ. ಪಂಚೆ ಅರ್ಧ ಬಸ್ಸಿನಲ್ಲಿ, ಅರ್ಧ ರಸ್ತೆಯಲ್ಲಿ.

ಅಂಗಡಿಯ ತಮಿಳು ಹೆಂಗಸು ಮಚ್ಚು ಕೆಳಗಿಟ್ಟು ಹಣೆ ಚಚ್ಚಿಕೊಂಡಳು. ಇಲ್ಲಿಯವರು ಕ್ಯಾಂಡಿಯನ್ನೇ ನುವರ ಅನ್ನುತ್ತಾರೆಂದು ಅವಳು ಬಿಡಿಸಿ ಹೇಳಿದಳು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕಲಿತ ಅರೆಬರೆ ತಮಿಳು ಕೊನೆಗೂ ಉಪಯೋಗಕ್ಕೆ ಬಂತು.

ಮುಂದಿನ ಬಸ್ಸಿಗೆ ಹಾರಿ ಹತ್ತಿದ. ತಿರುವು ಬಂದಾಗಲೆಲ್ಲ ಸೀಟಿನಲ್ಲಿ ಕೂತಿದ್ದ ಮುದುಕಿಯ ಮಡಿಲಿಗೆ ಬೀಳುತ್ತಿದ್ದ. ಕೊನೆಗೆ ಅವಳೇ ಎದ್ದು ಜಾಗ ಬಿಟ್ಟಳು.

ಹೋಟೆಲು ತಲುಪಿದವನು ಅಲ್ಲಿನ ಫೋನಿನಿಂದ ತನ್ನ ನಂಬರಿಗೇ ಮಾಡಿದ. "ವಿಮಲಾ, ಗೌರ್ಮೆಂಟ್ ಬಸ್ಸಲ್ಲಿ ಒಬ್ನೇ ಹೋಟ್ಲಿಗೆ ಬಂದ್ಬುಟ್ಟೆ!"

"ಹೋಟ್ಲಿಗಾ?" ವಿಮಲಮ್ಮನ ದನಿ ಏರಿತು. "ನೆರಳಿಗೆ ನಿಲ್ಸೋಣ ಅಂತ ಒಸಿ ಮುಂದಕ್ಕೆ ತಂದ ವ್ಯಾನು ಆ ಅಂಗಡಿ ಪಕ್ಕದ ತಿರುವಲ್ಲೇ ಕೆಟ್ಟು ನಿಂತೈತೆ ಕಣ್ರೀ! ನೀವು ಕಾಣ್ದೆ ಇದ್ದಿದ್ದಕ್ಕೆ, ಮೆಕ್ಯಾನಿಕ್ ಕರ್ಕೊಂಡ್ ಬರಕ್ಕೆ ಹೋಗಿದ್ದೀರ ಅಂತ ಎಲ್ರೂ ಕಾಯ್ತಾ ಕೂತಿದ್ದೀವಿ!"

ಪಕ್ಕದ ಮನೆಯ ಗಂಗರಾಜು ಫೋನು ಕಿತ್ತುಕೊಂಡ. "ಅಣ್ಣಾ, ಇದು ಇವತ್ತು ರಿಪೇರಿ ಆಗಕಿಲ್ವಂತೆ. ನಮ್ಗೆ ಇಲ್ಲಿ ಬಸ್ಸು ಗಿಸ್ಸು ಒಂದೂ ತಿಳಿಯಕಿಲ್ಲ. ನೀನು ಹೆಂಗೂ ಕಲ್ತ್‌ಬುಟ್ಟಿದ್ದೀಯ, ಬಂದು ಕರ್ಕೊಂಡೋಗು. ಬರೋವಾಗ ಒಸಿ ಊಟ ಕಟ್ಟಿಸ್ಕೊಂಡ್ ಬಾ, ಹತ್ ಜನಕ್ಕೆ."

ಊಟದ ಚೀಲಗಳನ್ನು ಎರಡೂ ಹೆಗಲಿಗೆ ನೇತುಹಾಕಿಕೊಂಡು ಚನ್ನಲಿಂಗಪ್ಪ ಮತ್ತೆ ಬಸ್ಸು ಹತ್ತಿದ. ತಾನು ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಅವನಿಗೆ ಹೊಳೆದದ್ದು ಬಸ್ಸು ಬೆಟ್ಟ ಏರತೊಡಗಿದ ಮೇಲೆ. ಆ ಹತ್ತು ಜನರಲ್ಲಿ ಗಂಗರಾಜು ಅವನನ್ನು ಸೇರಿಸಿರಲಿಲ್ಲ.