ನಡುವಿನ ಚೌಕ

ಇಡೀ ಮನೆಯನ್ನು ಒಂದೇ ಹಾಳೆಯಲ್ಲಿ ಹಿಡಿದು ತೋರಿಸುತ್ತೇನೆಂದು ಶನಿವಾರ ಸಂಜೆ ಘೋಷಿಸಿಬಿಟ್ಟೆ. ಕಚೇರಿಯಲ್ಲಿ ಎರಡು ದಿನದ ಡೇಟಾಬೇಸ್ ತರಬೇತಿ ಮುಗಿಸಿ ಬಂದಿದ್ದೆನಲ್ಲ, ಕಾಲು ನೆಲದ ಮೇಲಿರಲಿಲ್ಲ. ಒಂದೊಂದು ಬಗೆಯ ಸಂಗತಿಗೆ ಒಂದೊಂದು ಚೌಕ, ಅವುಗಳ ಸಂಬಂಧಕ್ಕೆ ಒಂದು ಗೆರೆ. ಪ್ರಪಂಚ ಇಷ್ಟೇ!

ಮೊದಲು ಕೈಗೆ ಸಿಕ್ಕಿದ್ದು ಮಾತ್ರೆಗಳು. ಅಮ್ಮ, ಹೆಂಡತಿ, ನಾನು ಎಂದು ಹೆಸರು ಬರೆದ ಮೂರು ಡಬ್ಬಿಗಳಿದ್ದವು. ತೆರೆದು ನೋಡಿದರೆ ಒಂದೇ ಮಾತ್ರೆ ಎರಡೆರಡು ಡಬ್ಬಿಯಲ್ಲಿ! ಒಂದೇ ವಿಷಯ ಎರಡು ಕಡೆ ಇರಬಾರದು ಎಂಬುದು ತರಬೇತಿಯ ಮೊದಲ ಪಾಠ. ಎಲ್ಲವನ್ನೂ ಬಗೆ ನೋಡಿ ಬೇರೆ ಬೇರೆ ಬಾಟಲಿಗೆ ತುಂಬಿ, ಮೇಲೆ ಮಾತ್ರೆಯ ಹೆಸರು ಬರೆದೆ. ಇನ್ನೇಕೆಂದು ಡಾಕ್ಟರ ಚೀಟಿಗಳನ್ನೂ ಹರಿದು ಕಸಕ್ಕೆ ಹಾಕಿದೆ. ಹಾಳೆಯ ಮೇಲೆ ‘ಜನ’ ಎಂದೊಂದು ಚೌಕ, ‘ಮಾತ್ರೆ’ ಎಂದೊಂದು ಚೌಕ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಅದನ್ನು ಫ್ರಿಜ್ಜಿಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಮೆಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಮ್ಮ ನೀರಿನ ಲೋಟ ಹಿಡಿದು ಬಂದಳು. ಅವಳ ಬಿಪಿ ಮಾತ್ರೆ ತಪ್ಪುವಂತಿಲ್ಲ. ಹೋದ ವರ್ಷ ಒಂದೇ ಒಂದು ದಿನ ತಪ್ಪಿದ್ದಕ್ಕೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದಳು.

ನಕ್ಷೆಯನ್ನು ಮೇಲಿಂದ ಕೆಳಗೆ ನೋಡಿದಳು. “ಗೆರೆ ಚೆನ್ನಾಗಿ ಎಳ್ದಿದ್ದೀಯ ಕಣೋ. ಈಗ ನಾನು ಯಾವುದು ನುಂಗ್ಲಿ?”

ಜನ ಮಾತ್ರೆ ನುಂಗುತ್ತಾರೆ ಎಂದಷ್ಟೇ ನನ್ನ ನಕ್ಷೆಗೆ ಗೊತ್ತು. ಯಾರು, ಯಾವುದನ್ನು, ಯಾವಾಗ? ಒಬ್ಬರಿಗೆ ಹಲವು ಮಾತ್ರೆ, ಒಂದೇ ಮಾತ್ರೆ ಹಲವರಿಗೆ ಎಂದಾದರೆ ನಡುವೆ ಮೂರನೆಯ ಚೌಕ ಬೇಕೆಂದು ತರಬೇತಿಯವರು ಏನೋ ಹೇಳುತ್ತಿದ್ದರು. ಆಗ ನಾನು ಚಹಾಕ್ಕೆಂದು ಬಾಗಿಲು ದಾಟುತ್ತಿದ್ದೆ.

ಕಸದ ಬುಟ್ಟಿಗೆ ಓಡಿದೆ. ಲಾರಿ ಬಂದು ಹೋಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎಂಟು ಇಪ್ಪತ್ತಾಯಿತು. ಅಮ್ಮ ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಳ್ಳುತ್ತಿದ್ದಳು. ನನ್ನ ಬಿಪಿಯೂ ಏರತೊಡಗಿತು. ಇಳಿಸೋಣವೆಂದರೆ ನನ್ನ ಮಾತ್ರೆ ಯಾವುದೆಂದು ನನಗೇ ತಿಳಿಯದು!

ಹೆಂಡತಿ ಬಾಟಲಿಗಳನ್ನೂ ನಕ್ಷೆಯನ್ನೂ ನನ್ನನ್ನೂ ನೋಡಿದಳು. “ರೀ, ಇದನ್ನ ಆಫೀಸಲ್ಲಿ ಮಾತ್ರ ತೋರಿಸ್ಬೇಡಿ,” ಎಂದಷ್ಟೇ ಹೇಳಿ, ಔಷಧಿ ಅಂಗಡಿಯವಳ ಮನೆಗೇ ಫೋನ್ ಹಚ್ಚಿದಳು. ಆಕೆ ಅಂಗಡಿಗೆ ಹೋಗಿ, ತನ್ನಲ್ಲಿದ್ದ ಚೀಟಿಗಳ ಪ್ರತಿ ತೆಗೆದು ಫೋನಿನಲ್ಲೇ ಓದತೊಡಗಿದಳು. ಎಂಟು ಐವತ್ತಕ್ಕೆ ಅಮ್ಮ ಮಾತ್ರೆ ನುಂಗಿದಳು.

ಆಮೇಲೆ ಹೆಂಡತಿ ಪೆನ್ನು ತೆಗೆದುಕೊಂಡು, ನನ್ನ ಗೆರೆಯ ಮೇಲೆಯೇ ಒಂದು ದೊಡ್ಡ ಚೌಕ ಬರೆದು, ಯಾರು, ಯಾವುದು, ಯಾವಾಗ ಎಂದು ಸಾಲುಸಾಲಾಗಿ ತುಂಬಿದಳು. ತರಬೇತಿಯೂ ಇಲ್ಲ, ಚಹಾವೂ ಇಲ್ಲ!

ಕೊನೆಯ ಸಾಲು ನನ್ನದು. ಬಗ್ಗಿ ಓದಿದೆ:

“ನಮ್ಮವರು. ಡಬ್ಬಿ ಮುಟ್ಟಬಾರದು. ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮುಂಚೆ ಮತ್ತು ನಂತರ.”